ಚೋಜಿಯ ಮೂಗು

ಎಇ, ಅವಾಜಿ ದ್ವೀಪ
ಜೂನ್ ೯, ಬೆಳಿಗ್ಗೆ

ಪ್ರೀತಿಯ ಮಿಸಾವೊ,

ಮೇಲಿನ ಎರಡು ಪದ ಬರೆಯುವಷ್ಟರಲ್ಲಿ ಒಂದು ಲೋಟ ಚಹಾ ತಣ್ಣಗಾಯಿತು. ಮದುವೆಯಾದ ನಲವತ್ತೇಳು ವರ್ಷದಲ್ಲಿ ನಿನಗೆ ಕಾಗದ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ನೀನು ಯಾವಾಗಲೂ ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ಇದ್ದವಳು. ನಗಬೇಡ, ಪಕ್ಕದ ಹಾಸಿಗೆಯ ಅಜ್ಜಿಗೆ ಓದಿ ಹೇಳಲೂ ಬೇಡ. ಸೊಂಟದ ನೋವು ಹೇಗಿದೆ? ಕೋಲು ಹಿಡಿಸಿ ಮೆಟ್ಟಿಲು ಹತ್ತಿಸುತ್ತಿದ್ದಾರೆ ಎಂದೆಯಲ್ಲ, ಅವಸರ ಮಾಡಬೇಡ. ಆ ವ್ಯಾಯಾಮದ ಹುಡುಗಿ ಇನ್ನೊಂದು ಸಲ ಎಂದರೆ ನೀನು ಹಟಕ್ಕೆ ಬಿದ್ದು ಮೂರು ಸಲ ಹತ್ತುವವಳು ಎಂದು ನನಗೆ ಗೊತ್ತು. ಕೋಬೆಯ ಸೆಕೆಯಲ್ಲಿ ರಾತ್ರಿ ನಿದ್ದೆ ಬರುತ್ತದೆಯೇ? ನೀನೇ ಹಾಕಿದ ಉಮೆ ಉಪ್ಪಿನಕಾಯಿ ಜಾಡಿಯಲ್ಲಿ ಇನ್ನೂ ಅರ್ಧ ಇದೆ, ಬರುವಾಗ ತರುತ್ತೇನೆ. ಆಸ್ಪತ್ರೆಯ ಗಂಜಿ ಅದರ ಜೊತೆಗಾದರೂ ಒಳಗೆ ಇಳಿದೀತು.

ದಿನಾ ಸಂಜೆ ಫೋನು ಮಾಡುವವನು ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದು ಕೇಳುತ್ತೀಯ. ಫೋನಿನಲ್ಲಿ ನನಗೆ ಸುಳ್ಳು ಸಲೀಸಾಗಿ ಬರುತ್ತದೆ, ಅದಕ್ಕೆ. ಚೋಜಿ ಹೇಗಿದ್ದಾನೆ ಎಂದು ನೀನು ಪ್ರತಿ ಸಂಜೆ ಕೇಳಿದೆ. ಚೆನ್ನಾಗಿದ್ದಾನೆ ಎಂದು ನಾನು ಪ್ರತಿ ಸಂಜೆ ಹೇಳಿದೆ. ಆಗೆಲ್ಲ ನೀನು ‘ಹ್ಮ್’ ಎಂದೆ. ನಿನ್ನ ಹತ್ತಿರ ಎರಡು ‘ಹ್ಮ್’ ಇವೆ. ಮೂಗಿನಿಂದ ಹೊರಟು ಮೇಲಕ್ಕೆ ಹೋಗುವುದು ಒಪ್ಪಿಗೆಯದು. ಗಂಟಲಲ್ಲೇ ಕೂತುಬಿಡುವುದು ಒಪ್ಪಿಗೆ ಇಲ್ಲದ್ದು. ಈ ಎರಡು ತಿಂಗಳು ನನಗೆ ಕೇಳಿಸಿದ್ದು ಬರೀ ಎರಡನೆಯದೇ. ಹೆದರಬೇಡ, ಇದನ್ನು ಬರೆಯುವಾಗ ನಿನ್ನ ಬೆಕ್ಕಪ್ಪ ನನ್ನ ಎಡಪಾದದ ಮೇಲೆ ಕೂತು ಕಾಲು ಜೋಮು ಹಿಡಿಸುತ್ತಿದ್ದಾನೆ. ಆದರೆ ಚೆನ್ನಾಗಿರಲಿಲ್ಲ ಮಿಸಾವೊ. ನೀನು ಬರುವ ತನಕ ಅವನು ಉಳಿಯುತ್ತಾನೋ ಇಲ್ಲವೋ, ಬಾಗಿಲು ತೆರೆದಾಗ ನಿನಗೆ ಏನು ಹೇಳುವುದು ಎಂದು ನಾನು ದಿನಗಟ್ಟಲೆ ಲೆಕ್ಕ ಹಾಕಿದ್ದೇನೆ.

ನೀನು ಬಿದ್ದು ಆಸ್ಪತ್ರೆ ಸೇರಿದ ಮೊದಲ ವಾರವೇ ಅವನು ಊಟ ಕಡಿಮೆ ಮಾಡಿದ. ಒಡತಿ ಇಲ್ಲ, ಸಿಟ್ಟು ಎಂದುಕೊಂಡೆ. ತಟ್ಟೆಯ ಹತ್ತಿರ ಬರುವುದು, ನೋಡುವುದು, ನನ್ನ ಮುಖ ನೋಡುವುದು, ಹೋಗುವುದು. ನನ್ನ ಅಡುಗೆಗೆ ನೀನು ನೋಡುವ ನೋಟವೇ. ಹದಿನೈದು ವರ್ಷದ ಮುದುಕನಿಗೆ ಇದೇನು ಠೀವಿ ಎಂದು ಬೈದೆ. ಆಮೇಲೆ ನಾನೇ ಸೋತು ಬಂದರಿಗೆ ಹೋಗಿ ತಾಜಾ ಬಂಗುಡೆ ತಂದೆ, ಮಾರನೆಯ ದಿನ ನಮಗೇ ಹಬ್ಬಕ್ಕೆ ಮಾತ್ರ ತರುವ ಕೆಂಪು ‘ತಾಯ್’ ಮೀನು ತಂದು ಸಣ್ಣಗೆ ಬಿಡಿಸಿ ಇಟ್ಟೆ. ಅದನ್ನೂ ನೋಡಿ ಹೋದ. ಮೇ ನಡುವಿನ ಹೊತ್ತಿಗೆ ಸೀನುತ್ತಿದ್ದ, ಎಡ ಮೂಗಿನಿಂದ ಮಾತ್ರ ಹಳದಿ ಸಿಂಬಳ ಇಳಿಯುತ್ತಿತ್ತು. ನೆಗಡಿ ಎಂದುಕೊಂಡು ಅವನ ದಿಂಬನ್ನು ಹಿರಿಯರ ಪೂಜೆಯ ಗೂಡಿನ ಮುಂದೆ ಹಾಕಿದೆ. ಅಲ್ಲಿ ಬೆಚ್ಚಗಿರುತ್ತದೆ, ಬೆಳಿಗ್ಗೆ ಸಂಜೆ ನಾನು ಹಚ್ಚುವ ಊದುಬತ್ತಿಯ ಹೊಗೆಗೆ ಮೂಗು ಬಿಡಲಿ ಎಂದು. ಊದುಬತ್ತಿ ಮಾಡುವವನ ಮನೆಮದ್ದು ನೋಡು. ನಮ್ಮ ಅಜ್ಜಿಯೂ ನಮಗೆ ನೆಗಡಿಯಾದರೆ ಹೀಗೆಯೇ ಹೊಗೆ ಹಿಡಿಸುತ್ತಿದ್ದಳಲ್ಲ. ಎಂಟು ದಿನ ಅವನನ್ನು ಆ ಹೊಗೆಯಲ್ಲಿ ಕೂರಿಸಿದೆ, ಅವನೂ ನನ್ನ ಮೇಲೆ ನಂಬಿಕೆ ಇಟ್ಟು ಅಲ್ಲೇ ಕೂತ.

ಕಿನುಯೊ ಅಕ್ಕ ನನ್ನನ್ನು ಉಳಿಸಿದಳು, ಬೈದೇ ಉಳಿಸಿದಳು. ಒಂಬತ್ತನೆಯ ದಿನ ಪಕ್ಕದ ಮನೆಯ ಗೋಡೆಯ ಮೇಲಿಂದ "ತೊಕುಜಿ, ಒಲೆ ಮೇಲೆ ಮೀನು ಸೀದು ಕರಕಾಯ್ತು, ಎಲ್ಲಿ ಸತ್ತಿದ್ದೀಯೋ" ಎಂದು ಕೂಗುತ್ತಾ ಒಳಗೆ ಬಂದವಳು, ಒಲೆ ಆರಿಸಿ, ಚೋಜಿಯನ್ನು ಎತ್ತಿಕೊಂಡವಳೇ ತೋಳು ಚಾಚಿ ದೂರ ಹಿಡಿದಳು. "ಅಯ್ಯೋ ಪುಣ್ಯಾತ್ಮ, ಈ ಪ್ರಾಣಿ ಬಾಯಲ್ಲಿ ಏನೋ ಕೊಳೆತು ನಾರ್ತಿದೆ, ನಿಂಗೆ ಗೊತ್ತೇ ಆಗಿಲ್ವಾ? ಮಿಸಾವೊ ಇದ್ದಿದ್ರೆ ನಿನ್ನನ್ನೂ ಬೆಕ್ಕನ್ನೂ ಒಟ್ಟಿಗೆ ಬಚ್ಚಲಿಗೆ ಹಾಕ್ತಿದ್ಲು" ಎಂದಳು. ತಕ್ಷಣ ಅವಳ ಪುಟ್ಟ ಟ್ರಕ್ಕಿನಲ್ಲಿ ಸುಮೊತೊದ ಪ್ರಾಣಿವೈದ್ಯರ ಬಳಿ ಹೊರಟೆವು. ಈಗ ಈರುಳ್ಳಿ ಕೀಳುವ ಕಾಲವಲ್ಲವೇ, ದಾರಿಯುದ್ದಕ್ಕೂ ರಾಶಿ ರಾಶಿ. ಕಿನುಯೊ ಅಕ್ಕ ಎರಡೂ ಕಡೆಯ ಕಿಟಕಿ ಇಳಿಸಿ, "ನಿನ್ನ ಬೆಕ್ಕಿಗಿಂತ ಹೊರಗಿನ ಈರುಳ್ಳಿಯೇ ವಾಸಿ" ಎಂದು ತಲೆ ಹೊರಗೆ ಹಾಕಿಯೇ ಗಾಡಿ ಓಡಿಸಿದಳು. ನಾನು ಅವನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಹಗಲೆಲ್ಲ ಗಂಧ, ಲವಂಗ, ಕರ್ಪೂರ ಕಲಸುವ ಕೈ, ಅದೇ ವಾಸನೆ ಹಿಡಿದ ಬಟ್ಟೆ, ಇದರ ನಡುವೆ ಹಲ್ಲಿನ ನಾತ ಎಲ್ಲಿ ತಿಳಿಯಬೇಕು ಎಂದು ಅವಳಿಗೆ ಹೇಳಿದೆ. "ನಿಮ್ಮ ಮನೆಯ ಮೂಗು ಹೊಗೆ ಕುಡಿದೇ ಹಾಳಾಯ್ತು ಬಿಡು" ಎಂದಳು.

ಕಶಿಮೊತೊ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಮ್ಮ ಮಗಳ ವಯಸ್ಸು ಇರಬಹುದು. ಚೋಜಿಯ ತುಟಿ ಎತ್ತಿ, ದೀಪ ಹಿಡಿದು ನೋಡಿದಳು. ಮೇಲಿನ ಎಡ ಕೋರೆಹಲ್ಲಿನ ಬೇರು ಕೊಳೆತು, ಬಾಯಿಗೂ ಮೂಗಿಗೂ ನಡುವೆ ತೂತು ಬಿದ್ದಿತ್ತು. ಕುಡಿದ ನೀರು ಮೂಗಿಗೆ ನುಗ್ಗುತ್ತಿತ್ತಂತೆ, ಪಾಪ, ಸೀನದೆ ಏನು ಮಾಡಬೇಕು. ಸಿಟ್ಟಿನಿಂದ ತಿನ್ನುತ್ತಿಲ್ಲ ಎಂದು ನಾನು ಹೇಳಿದ್ದಕ್ಕೆ ಆಕೆ ಮೆಲ್ಲಗೆ, "ಅಜ್ಜ, ಬೆಕ್ಕು ಊಟ ಮಾಡೋದು ಬಾಯಿಂದಲ್ಲ, ಮೂಗಿಂದ. ವಾಸನೆ ಬರದಿದ್ರೆ ಎದುರಿಗಿರೋದು ಊಟ ಅಂತಲೇ ಅವನಿಗೆ ಗೊತ್ತಾಗಲ್ಲ. ನೀವಿಟ್ಟಿದ್ದು ಅವನ ಪಾಲಿಗೆ ಒದ್ದೆ ಕಲ್ಲು" ಎಂದಳು. ನನಗೆ ಆ ಮಾತು ಎಲ್ಲಿಗೆ ತಾಗಿತೋ ತಾಗಿತು. ನಾನು ಬೈದದ್ದು, ‘ತಾಯ್’ ಮೀನು ಬಿಡಿಸಿ ಇಟ್ಟದ್ದು, ಅವನು ನನ್ನ ಮುಖ ನೋಡಿದ್ದು, ಎಲ್ಲ ನೆನಪಾಯಿತು.

ಅರಿವಳಿಕೆ ಕೊಟ್ಟು ಆ ಹಲ್ಲು, ಜೊತೆಗೆ ಹಾಳಾದ ಇನ್ನೂ ಐದು ಹಲ್ಲು ತೆಗೆದು ತೂತನ್ನು ಹೊಲಿಯಬೇಕು. ಹದಿನೈದು ವರ್ಷದವನು, ಮೂತ್ರಪಿಂಡ ಅಷ್ಟಕ್ಕಷ್ಟೇ, ಏಳದೆಯೂ ಇರಬಹುದು ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ತೆಗೆಯದಿದ್ದರೆ ಹಸಿವಿನಲ್ಲೇ ಹೋಗುತ್ತಾನೆ. ನಿನ್ನನ್ನು ಕೇಳಬೇಕಿತ್ತು. ಅವನು ನಿನ್ನ ಬೆಕ್ಕು, ಲವಂಗದ ಚೂರು ಎರಚಿದ ಹಾಗೆ ಮೈಮೇಲೆ ಮಚ್ಚೆ ಇದೆ ಎಂದು ಚೋಜಿ ಅಂತ ಲವಂಗದ ಹೆಸರು ಇಟ್ಟವಳೂ ನೀನೇ. ಆದರೆ ಹಿಂದಿನ ಸಂಜೆಯಷ್ಟೇ ನೀನು ಮೊದಲ ಸಲ ಹತ್ತು ಹೆಜ್ಜೆ ನಡೆದೆ ಎಂದು ಹೇಳಿದ್ದೆ, ದನಿ ನಗುತ್ತಿತ್ತು. ಆ ನಗು ಕೆಡಿಸಲು ಮನಸ್ಸಾಗದೆ, ತೆಗೆಯಿರಿ ಎಂದು ನಾನೇ ಹೇಳಿದೆ. ತಪ್ಪಾಗಿದ್ದರೆ ಬಂದ ಮೇಲೆ ಬೈಯಿ, ಕೋಲು ಹೇಗೂ ಕೈಯಲ್ಲೇ ಇರುತ್ತದೆ.

ಮೇ ೨೮ರಂದು ಹಲ್ಲು ತೆಗೆದರು. ಎಚ್ಚರವಾಯಿತು ಎಂದು ಬಂದು ಹೇಳಿದಾಗ ನಾನು ಗೋಡೆಗೆ ತಿರುಗಿ ಅತ್ತುಬಿಟ್ಟೆ, ಕಿನುಯೊ ಅಕ್ಕ ಗೊತ್ತಾಗದವಳ ಹಾಗೆ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಮನೆಯಲ್ಲಿ ಒಂದು ಎಳೆ ಹೊಗೆಯೂ ಕೂಡದು ಎಂದು ಡಾಕ್ಟರು ಹೇಳಿ ಕಳಿಸಿದರು. ಹಾಗಾಗಿ ಹನ್ನೆರಡು ದಿನದಿಂದ ನಮ್ಮ ಹಿರಿಯರ ಗೂಡಿನಲ್ಲಿ ಊದುಬತ್ತಿ ಇಲ್ಲ. ನಾಲ್ಕು ತಲೆಮಾರಿನಿಂದ ಊರಿಗೆಲ್ಲ ಊದುಬತ್ತಿ ಮಾಡಿಕೊಟ್ಟವರ ಮನೆ ಇದು. ಅಪ್ಪನ ಫೋಟೋದ ಮುಂದೆ ಕೂತು ಕೈ ಮುಗಿದು, ಅಪ್ಪ, ಬೆಕ್ಕಿಗೋಸ್ಕರ ಸ್ವಲ್ಪ ದಿನ ತಡ್ಕೋ ಎಂದೆ. ಅಪ್ಪ ಎಂದಿನ ಮುಖದಲ್ಲೇ ಇದ್ದ. ನೀರು ಇಟ್ಟೆ, ಅನ್ನ ಇಟ್ಟೆ, ಗಂಟೆ ಮಾತ್ರ ಎರಡು ಸಲ ಹೊಡೆದೆ. ನಾನು ಕೆಲಸದ ಬಟ್ಟೆಯನ್ನು ಹಿತ್ತಲಲ್ಲೇ ಬಿಚ್ಚಿ, ಕೈ ಉಜ್ಜಿ ತೊಳೆದು ಒಳಗೆ ಬರುತ್ತೇನೆ. ಬೆಳಿಗ್ಗೆ ಸಂಜೆ ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಅವನ ಮೂಗು ಒರೆಸುತ್ತೇನೆ. ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿಕೊಂಡು, ಇಬ್ಬರೂ ಕಾಲು ಗಂಟೆ ಆವಿಯಲ್ಲಿ ಕೂರುತ್ತೇವೆ. ಮಾತ್ರೆಯನ್ನು ಪುಡಿ ಮಾಡಿ ಕೊಡುವುದರಲ್ಲಿ ಅವನು ನನ್ನನ್ನು ನಾಲ್ಕು ಕಡೆ ಪರಚಿದ್ದಾನೆ, ಕಚ್ಚಲು ಹಲ್ಲು ಕಡಿಮೆಯಾದದ್ದು ನನ್ನ ಪುಣ್ಯ.

ಇಷ್ಟಾದರೂ ತಿನ್ನಲಿಲ್ಲ. ಗಾಯ ಮಾಯುತ್ತಿದೆ, ಆದರೆ ಮೂಗು ಪೂರ್ತಿ ಬರುತ್ತದೆ ಎಂದು ಹೇಳಲಾರೆ ಎಂದರು ಡಾಕ್ಟರು. ಬೆಚ್ಚಗೆ ಮಾಡಿ ಇಟ್ಟೆ, ಬೆರಳಲ್ಲಿ ಹಚ್ಚಿದೆ, ಪಿಚಕಾರಿಯಲ್ಲಿ ಬಾಯಿಗೆ ಬಿಟ್ಟೆ. ಪೊಟ್ಟಣ ಒಡೆದು ಒಣ ಕತ್ಸುವೊ ಮೀನಿನ ಹೆರೆ, ಆ ತೆಳು ಚಕ್ಕೆ, ಉದುರಿಸಿದೆ. ಇನ್ನೆರಡು ದಿನ ತಾನಾಗಿ ತಿನ್ನದಿದ್ದರೆ ಕರೆದುಕೊಂಡು ಬನ್ನಿ, ಆಗ ಮಾತಾಡೋಣ ಎಂದರು. ಏನು ಮಾತಾಡುತ್ತಾರೆ ಎಂದು ನನಗೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಹೆರೆಯ ಪೊಟ್ಟಣ ಖಾಲಿಯಾಗಿತ್ತು. ನೀನು ಯಾವತ್ತೂ ಪೊಟ್ಟಣ ತರುವವಳಲ್ಲ, ಅದನ್ನು ನನ್ನಂಥ ಸೋಮಾರಿ ತಂದಿದ್ದ. ಕಪಾಟಿನಿಂದ ಅಲಗು ಕೂರಿಸಿದ ನಿನ್ನ ಹೆರೆಯುವ ಪೆಟ್ಟಿಗೆ ಇಳಿಸಿ, ಕಟ್ಟಿಗೆಯಂಥ ಕತ್ಸುವೊ ತುಂಡು ಹಿಡಿದು, ನಿನ್ನ ಹಾಗೆ ನೆಲದ ಮೇಲೆ ಕೂತು ಹೆರೆಯತೊಡಗಿದೆ. ಶರ್, ಶರ್. ಐದಾರು ಸಲ ಹೆರೆದಿರಬೇಕು, ಹಿಂದಿನಿಂದ ಯಾರೋ ನನ್ನ ಮೊಣಕೈಗೆ ತಲೆ ಹಾಕಿ ಗುದ್ದಿದರು. ಚೋಜಿ ಬಾಲ ನೇರ ಮಾಡಿ ನಿಂತಿದ್ದ. ಹದಿನೈದು ವರ್ಷ ಪ್ರತಿ ಬೆಳಿಗ್ಗೆ ನೀನು ಹೆರೆಯುವ ಸದ್ದಿಗೆ ಓಡಿ ಬಂದವನಲ್ಲವೇ. ಮೂಗು ಹೇಳದ್ದನ್ನು ಅವನ ಕಿವಿ ಹೇಳಿತ್ತು. ತಟ್ಟೆ ಮುಂದಿಟ್ಟೆ. ಮೂಸಲೇ ಇಲ್ಲ ಮಿಸಾವೊ, ನೇರವಾಗಿ ಬಾಯಿ ಹಾಕಿದ. ನಾನು ಹೆರೆಯುವುದನ್ನು ನಿಲ್ಲಿಸಿದರೆ ತಿನ್ನುವುದನ್ನೂ ನಿಲ್ಲಿಸುತ್ತಿದ್ದ, ಹಾಗಾಗಿ ತಟ್ಟೆ ಬರಿದಾಗುವ ತನಕ ಹೆರೆಯುತ್ತಲೇ ಇದ್ದೆ. ಹೆಬ್ಬೆರಳು ಕೊಯ್ದುಕೊಂಡಿದ್ದು ಆಮೇಲೆ ಕಂಡಿತು.

ಈಗ ದಿನಕ್ಕೆ ಮೂರು ಹೊತ್ತು ನಮ್ಮದು ಇದೇ ಕೆಲಸ. ಇಡೀ ಬೀದಿಗೆ ಹಂಚುವಷ್ಟು ಹೆರೆ ಬಿದ್ದಿದೆ, ಕಿನುಯೊ ಅಕ್ಕ ಡಬ್ಬಿ ತಂದು ತುಂಬಿಕೊಂಡು ಹೋಗುತ್ತಾಳೆ. ಅವನು ಇನ್ನೂರು ಗ್ರಾಂ ಹೆಚ್ಚಿದ್ದಾನೆ. ಇನ್ನು ನೀನು ಚೋಜಿ ಹೇಗಿದ್ದಾನೆ ಎಂದು ಕೇಳಿದಾಗ ನಾನು ಹೇಳುವುದು ನಿಜವಿರುತ್ತದೆ. ಹೊರಗೆ ಪಡುವಣ ಗಾಳಿ ಚೆನ್ನಾಗಿ ಬೀಸುತ್ತಿದೆ, ಬತ್ತಿ ಒಣಗಿಸುವ ಕೋಣೆಯ ಕಿಟಕಿ ತೆರೆದಿಟ್ಟಿದ್ದೇನೆ. ಆ ವ್ಯಾಯಾಮದ ಹುಡುಗಿಗೆ ನನ್ನ ನಮಸ್ಕಾರ ತಿಳಿಸು. ಪಕ್ಕದ ಹಾಸಿಗೆಯ ಅಜ್ಜಿಗೂ ತಿಳಿಸು, ಹೇಗೂ ಓದಿ ಹೇಳಿರುತ್ತೀಯ. ಮೈ ಜೋಪಾನ, ಹೆಜ್ಜೆ ನೋಡಿ ಇಡು, ಬೇಗ ಗುಣವಾಗು.

ಇಂತಿ ನಿನ್ನ
ತೊಕುಜಿ
(ಚೋಜಿಯ ಕಾಲಿನ ಗುರುತು ಹಾಕಿಸಲು ಹೋದೆ, ಮಸಿ ಚೆಲ್ಲಿದ. ಕೆಳಗಿನ ಕಲೆ ಅದೇ.)

ಮರೆತ ಮಾತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇದೊಂದು ತುಣುಕನ್ನು ಅಜ್ಜಿಗೆ ಓದಬೇಡ. ಚೋಜಿಯ ಬಾಯಿಯ ನಾತ ನನಗೆ ತಿಳಿಯದೆ ಹೋದದ್ದು ಕೈಗೆ ಹತ್ತಿದ ಗಂಧದಿಂದ ಅಲ್ಲ. ಮೀನು ಸೀದದ್ದೂ ತಿಳಿಯಲಿಲ್ಲ, ಈರುಳ್ಳಿ ಬಯಲಿನಲ್ಲಿ ಕಣ್ಣು ಉರಿಯಿತೇ ಹೊರತು ಮೂಗಿಗೆ ಏನೂ ಬರಲಿಲ್ಲ. ಡಾಕ್ಟರ ಬಳಿಯಿಂದ ಬಂದವನೇ ಅಪ್ಪ ಬೀಗ ಹಾಕಿ ಇಟ್ಟಿದ್ದ ಮೈಸೂರಿನ ಶ್ರೀಗಂಧದ ಪೆಟ್ಟಿಗೆ ತೆರೆದು ಮುಖ ಒಳಗೆ ಇಟ್ಟೆ. ಬರೀ ಮರ. ಹೋದ ಚಳಿಗಾಲಕ್ಕೂ ಹಿಂದಿನ ಚಳಿಗಾಲದಲ್ಲಿ ನನಗೆ ಬಂದ ಆ ಜ್ವರದಿಂದ ಹೀಗೆಯೇ, ಯಾರಿಗೂ ಹೇಳಲಿಲ್ಲ. ಮೂಗು ಹೋದ ಊದುಬತ್ತಿಯವನು ಯಾರಿಗೆ ಬೇಕು? ಚೆನ್ನಾಗಿಯೇ ಮುಚ್ಚಿಟ್ಟೆ ಎಂದುಕೊಂಡಿದ್ದೆ. ಚೋಜಿ ಶರ್ ಎನ್ನುವ ಸದ್ದಿಗೆ ತಿನ್ನುವುದನ್ನು ನೋಡುತ್ತಾ ಮೊನ್ನೆ ಹೊಳೆಯಿತು. ನಲವತ್ತೈದು ವರ್ಷ ನೀನು ಕಲಸುವ ಕೋಣೆಗೆ ಕಾಲಿಟ್ಟವಳಲ್ಲ. ಆ ಜ್ವರದ ಮೇಲೆ, ಪ್ರತಿ ಸಲ ನಾನು ಕಲಸುವಾಗ, ಚಹಾ ಹಿಡಿದು ಬಂದು ಕಣಕದ ಪಕ್ಕ ನಿಲ್ಲುತ್ತಿದ್ದೆ. ಒಂದು ‘ಹ್ಮ್’ ಹೇಳಿ ಹೋಗುತ್ತಿದ್ದೆ. ಮೇಲಕ್ಕೆ ಹೋದರೆ ನಾನು ಬತ್ತಿ ಎಳೆಯುತ್ತಿದ್ದೆ, ಗಂಟಲಲ್ಲಿ ಕೂತರೆ ಇನ್ನೊಂದಿಷ್ಟು ಲವಂಗ ಬೆರೆಸುತ್ತಿದ್ದೆ. ನಿನಗೆ ಎಲ್ಲ ಗೊತ್ತಿತ್ತು. ಒಂದು ಮಾತು ಆಡಲಿಲ್ಲ. ಹಿರಿಯರ ಒಬೋನ್ ಹಬ್ಬದ ಸರಕು ಈ ವಾರ ಕಲಸಲೇಬೇಕು, ಕೈ ಹಾಕಲು ಧೈರ್ಯವಿಲ್ಲದೆ ಪುಡಿಗಳೆಲ್ಲ ಹಾಗೇ ಕೂತಿವೆ. ಭಾನುವಾರ ಬರುತ್ತಿದ್ದೇನೆ. ಉಪ್ಪಿನಕಾಯಿ ಡಬ್ಬಿಯ ಕೆಳಗೆ ಮೂರು ಪುಟ್ಟ ಪೊಟ್ಟಣ ಇರುತ್ತವೆ, ಮೂರು ಹದದಲ್ಲಿ ಬೆರೆಸಿದ ಪುಡಿ. ನರ್ಸು ಅತ್ತ ಹೋದಾಗ ಒಂದೊಂದೇ ಮೂಗಿನ ಹತ್ತಿರ ಹಿಡಿ. ಏನೂ ಕೇಳಬೇಡ, ಏನೂ ಹೇಳಬೇಡ. ಯಾವಾಗಲೂ ಅನ್ನುವ ಹಾಗೆ ‘ಹ್ಮ್’ ಎಂದರೆ ಸಾಕು. ನಾನು ಹಾಸಿಗೆಯ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ.