ಓರಗಿತ್ತಿಯ ಯಂತ್ರದ ಸೆನ್ಸರ್

ಕಾರ್ಖಾನೆಗಳ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಪ್ರೆಸ್ ಯಂತ್ರಗಳಿಗೆ ಸೆನ್ಸರ್ ಹಾಕಿಸಲೇಬೇಕೆಂಬ ಆದೇಶವನ್ನು ನೀವು ಮೂರನೇ ಸಲ ಮುಂದೂಡಿದ್ದೀರಿ. ಕೈ ಒಳಗಿದ್ದರೆ ಅಚ್ಚು ಕೆಳಗಿಳಿಯದಂತೆ ತಡೆಯುವ ಈ ಸಾಧನದಿಂದ ಕೆಲಸ ನಿಧಾನವಾಗುತ್ತದೆಂದು ಮಾಲೀಕರ ಸಂಘ ಗೋಳಾಡಿತಂತೆ, ನಿಮ್ಮ ಕರುಳು ಚುರುಕ್ ಎಂದಿತಂತೆ. ನಿಧಾನವಾಗುವುದು ನಿಜ. ಬೆರಳು ಹೋದವರ ಕೆಲಸ ಎಷ್ಟು ಬೇಗ ಸಾಗುತ್ತದೆಂದು ಸಂಘದವರು ಎಂದಾದರೂ ಅಳೆದಿದ್ದಾರೆಯೇ?

ನಾನು ಡಬ್ಬಿಯ ಮುಚ್ಚಳ ಒತ್ತುವವಳು. ನನ್ನ ಓರಗಿತ್ತಿಯೂ ಅದೇ ಶೆಡ್ಡಿನಲ್ಲಿ, ಪಕ್ಕದ ಯಂತ್ರದಲ್ಲಿ. ಆರು ಯಂತ್ರಗಳಲ್ಲಿ ಒಂದೇ ಒಂದಕ್ಕೆ ಮಾಲೀಕರು ಸೆನ್ಸರ್ ಹಾಕಿಸಿ, ಫೋಟೊ ತೆಗೆದು ನಿಮಗೆ ಕಳಿಸಿದರು. ಬಾಗಿಲ ಬಳಿ ಬೆಳಕು ಚೆನ್ನಾಗಿತ್ತೆಂದು ಅವಳ ಯಂತ್ರವನ್ನೇ ಆರಿಸಿದರು. ಒಂದೇ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಕಳೆದ ನಾವು ಒಲೆಯ ಸರದಿಗೆ, ಅತ್ತೆಯ ಒಂದು ಒಳ್ಳೆಯ ಮಾತಿಗೆ ಕಿತ್ತಾಡಿದ್ದೇವೆ. ಆದರೆ ಆ ಸೆನ್ಸರ್ ಕಂಡು ಉರಿದಷ್ಟು ನನ್ನ ಹೊಟ್ಟೆ ಬೇರೆ ಯಾವುದಕ್ಕೂ ಉರಿದಿರಲಿಲ್ಲ.

ಒಂದು ದಿನ ತಗಡು ಸರಿಮಾಡಲು ಅವಳು ಕೈ ಹಾಕಿದ್ದಾಗ ಅಚ್ಚು ಇಳಿಸುವ ಪೆಡಲಿಗೆ ಕಾಲು ತಗುಲಿತು. ಯಂತ್ರ ಮಿಸುಕಲಿಲ್ಲ. "ನನ್ ಕೈ ಉಳೀತು ಕಣೇ!" ಎಂದು ನನ್ನನ್ನು ತಬ್ಬಿಕೊಂಡಳು. ನಾನೂ ತಬ್ಬಿಕೊಂಡೆ. ಒಳಗೊಳಗೆ ಮಾತ್ರ, ಇವಳಿಗೇ ಯಾಕೆ, ನನಗ್ಯಾಕಿಲ್ಲ ಎಂದುಕೊಂಡೆ. ಹೋದ ವರ್ಷ ನನ್ನ ತೋರುಬೆರಳಿನ ತುದಿ ಹೋದದ್ದು ಇಂಥದ್ದೇ ತಪ್ಪಿನಿಂದ.

ಆ ಉರಿಯಲ್ಲೇ ನಿಮಗೆ ಅರ್ಜಿ ಬರೆದೆ. "ಅವಳೊಬ್ಬಳಿಗೆ ಮಾತ್ರ ಏಕೆ?" ಎಂದು ಕೇಳಿದೆ. ನಮಗೂ ಹಾಕಿಸಿ ಎಂದು ಬರೆಯಬೇಕಿತ್ತು. ಹೊಟ್ಟೆಕಿಚ್ಚಿಗೆ ಅಷ್ಟು ದೂರದ ಯೋಚನೆ ಎಲ್ಲಿ? ನೀವೋ, "ಕಾರ್ಮಿಕರ ನಡುವಿನ ತಾರತಮ್ಯವನ್ನು ನಿವಾರಿಸತಕ್ಕದ್ದು" ಎಂದು ಮಾಲೀಕರಿಗೆ ಬರೆದಿರಿ. ಅವರು ಮರುದಿನವೇ ನಿವಾರಿಸಿದರು. ಅವಳ ಸೆನ್ಸರನ್ನೂ ಬಿಚ್ಚಿಸಿಬಿಟ್ಟರು. ಗಡುವು ಮುಂದೆ ಹೋಗಿರುವುದರಿಂದ ಕಾನೂನಿನ ತೊಡಕೂ ಇಲ್ಲವಂತೆ. "ದೂರು ಇತ್ಯರ್ಥವಾಗಿದೆ" ಎಂಬ ನಿಮ್ಮ ಪತ್ರ ತಲುಪಿದೆ. ನಿಮ್ಮ ಕಚೇರಿ ಇಷ್ಟು ಬೇಗ ಇನ್ನಾವ ಕೆಲಸ ಮುಗಿಸಿದೆ, ಹೇಳಿ?

ಆ ಪತ್ರವನ್ನು ಓರಗಿತ್ತಿ ಓದಿದಳು. ಜಗಳವಾಡಲಿಲ್ಲ.

"ಈಗ ನಿನ್ ಹೊಟ್ಟೆ ತಣ್ಣಗಾಯ್ತಾ?" ಎಂದಳು.

"ಅಕ್ಕಾ, ಹೀಗಾಗ್ಲಿ ಅಂತ ಬರೀಲಿಲ್ಲ."

"ಹೀಗಾಗ್ಲಿ ಅಂತಾನೇ ಬರ್ದೆ. ಇರ್ಲಿ ಬಿಡು, ನಿನ್ ಜಾಗದಲ್ಲಿದ್ರೆ ನಾನೂ ಬರೀತಿದ್ದೆ."

ಅವಳು ಹೇಳಿದ್ದು ನಿಜ ಎಂಬುದೇ ನನ್ನನ್ನು ಕೊಲ್ಲುತ್ತಿದೆ. ಮಾನ್ಯರೇ, ಇನ್ನೊಂದು ಸಂಗತಿ ನಿಮ್ಮ ಕಡತದಲ್ಲಿಲ್ಲ. ನನ್ನ ಕೈ ಏಟು ತಿಂದು ಭಯ ಕಲಿತಿದೆ. ಅವಳ ಕೈ ಒಂದು ವರ್ಷ ಸೆನ್ಸರನ್ನು ನಂಬಿ ಬದುಕಿತ್ತು. ಹಳೆಯ ರೂಢಿಯಲ್ಲಿ ಅವಳು ಈಗಲೂ ಸಲೀಸಾಗಿ ಅಚ್ಚಿನ ಕೆಳಗೆ ಕೈ ಹಾಕುತ್ತಾಳೆ. "ಅಕ್ಕಾ, ಕೈ!" ಎಂದು ನಿನ್ನೆ ನಾಲ್ಕು ಸಲ ಕೂಗಿದೆ. ಯಂತ್ರಗಳ ಸದ್ದಿನಲ್ಲಿ ಎರಡು ಸಲ ಅವಳಿಗೆ ಕೇಳಿಸಲೇ ಇಲ್ಲ.

ಆದ್ದರಿಂದ ಮುಂದೂಡಿಕೆ ರದ್ದುಮಾಡಿ, ಆರೂ ಯಂತ್ರಗಳಿಗೆ ಸೆನ್ಸರ್ ಹಾಕಿಸಿ. ಅದಕ್ಕೆ ಸಮಯ ಬೇಕೆಂದು ಸಂಘ ಮತ್ತೆ ಗೋಳಾಡಿದರೆ, ನಾಳೆ ಬೆಳಿಗ್ಗೆ ಮೊದಲು ಅವಳದನ್ನು ವಾಪಸ್ ಹಾಕಿಸಿ. ಅವಳೊಬ್ಬಳಿಗೇ ಆದರೂ ಸರಿ. ಪಕ್ಕದಲ್ಲಿ ಕೂತು ನಾನು ಹೊಟ್ಟೆ ಉರಿದುಕೊಂಡಿರುತ್ತೇನೆ.

ಇಂತಿ,
ತನ್ನ ಅರ್ಜಿಯನ್ನು ಹಿಂದಕ್ಕೆ ಕೇಳುತ್ತಿರುವ
ಕಿರಿಯ ಓರಗಿತ್ತಿ