ಗ್ರಹಣದ ದಿನದ ಬದನೆಕಾಯಿ

ಗಿಣಿಗೇರಾ
೧೨ ಮಾರ್ಚ್ ೨೦೨೬

ಪ್ರೀತಿಯ ಅತ್ತೆಯವರಿಗೆ, ನೇತ್ರಾವತಿಯ ನಮಸ್ಕಾರಗಳು.

ನಿಮ್ಮ ಮೊಣಕಾಲು ನೋವು ಹೇಗಿದೆ? ತಳಕಲ್ಲಿನಲ್ಲಿ ಮಗಳು ಸುರೇಖಾಳ ಮನೆಯ ಮೆಟ್ಟಿಲು ಹತ್ತಿ ಇಳಿದು ಮಾಡಬೇಡಿ. ಫೋನ್ ಮಾಡಿದರೆ ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ. ನಾವು ಕ್ಷೇಮ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ಗೌತಮನಿಗೆ ಮೂರು ತಿಂಗಳು ತುಂಬಿತು, ಬಲಗೈ ಇನ್ನೂ ಮಡಚುತ್ತಿಲ್ಲ. ಹರಿದ ನರ ಜೋಡಿಸುವ ಆಪರೇಷನ್ ತಡ ಮಾಡಬಾರದೆಂದು ಹುಬ್ಬಳ್ಳಿಯ ಡಾಕ್ಟರು ಹೇಳುತ್ತಾರೆ. ಸಹಿ ಹಾಕಿ ಎಂದರೆ ನಿಮ್ಮ ಮಗ "ಅವ್ವ ಹೂಂ ಅನ್ಲಿ" ಎಂದು ಡ್ಯೂಟಿಗೆ ಹೊರಡುತ್ತಾರೆ. ನೀವೋ, "ಗ್ರಹಣದಾಗ ಬದನಿಕಾಯಿ ಹೆಚ್ಚೀದಿ. ಹೊಟ್ಟ್ಯಾಗ ಸತ್ತ ಕೈಗೆ, ಕೊಯ್ದರ ಜೀವ ಬರತೈತೇನು?" ಎಂದು ಗಂಟು ಕಟ್ಟಿಕೊಂಡು ಹೋಗಿಬಿಟ್ಟಿರಿ. ನನಗೆ ಸಾಕಾಗಿ ಹೋಗಿದೆ ಅತ್ತೆ.

ಡಾಕ್ಟರು ಹೇಳಿದ್ದನ್ನೇ ಬರೆಯುತ್ತೇನೆ, ಸುರೇಖಾ ಓದಿ ಹೇಳಲಿ. ಕೂಸು ಹುರುಳಿಕಾಳಿನಷ್ಟು ಇರುವಾಗಲೇ ಬೆನ್ನುಹುರಿಯಿಂದ ನರಗಳು ಹೊರಡುತ್ತವಂತೆ. ಭುಜದ ಹತ್ತಿರ ಎಲ್ಲ ಕೂಡಿ, ಮತ್ತೆ ಬೇರೆಯಾಗಿ, ಮೊಣಕೈ ಮಡಚುವ ನರ ಅದರ ಸ್ನಾಯುವಿಗೇ ಹೋಗಿ ಮುಟ್ಟುತ್ತದೆ, ಬೆರಳಿನದು ಬೆರಳಿನ ಸ್ನಾಯುವಿಗೆ. ದಾರಿಯಲ್ಲಿರುವ ಜೀವಕೋಶಗಳು ಕೆಲವನ್ನು ಕರೆಯುತ್ತವೆ, ಕೆಲವನ್ನು ತಳ್ಳುತ್ತವೆ, ನಮ್ಮ ಫ್ಯಾಕ್ಟರಿ ಗೇಟಿನಲ್ಲಿ ಪಾಸ್ ನೋಡಿ ಬಿಟ್ಟ ಹಾಗೆ. ಬಸುರಿನ ಮೊದಲ ಮೂರು ತಿಂಗಳೊಳಗೆ ಈ ಕೆಲಸ ಬಹುಪಾಲು ಮುಗಿದಿರುತ್ತದೆ. ಗ್ರಹಣ ಬಂದಾಗ ನನಗೆ ಏಳನೆಯ ತಿಂಗಳು. ಅದಾದ ಮೇಲೆ ಸ್ಕ್ಯಾನಿಂಗಿನಲ್ಲಿ ಬಲಗೈ ಬಾಯಿಗೆ ಒಯ್ದದ್ದನ್ನು ನೀವೇ ನೋಡಿ, "ತಿನ್ನಬಡಕ ಅದಾನ ನೋಡು ಇಂವ" ಎಂದು ನಕ್ಕಿದ್ದಿರಿ. ಸತ್ತ ಕೈ ಬಾಯಿಗೆ ಹೇಗೆ ಹೋಯಿತು? ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡು ನರ ಹರಿದಿದೆ, ಅಷ್ಟೇ. ಜೋಡಿಸಿದರೆ ನಿಧಾನವಾಗಿ ಮತ್ತೆ ಸ್ನಾಯುವಿನವರೆಗೆ ಬೆಳೆಯಬಹುದು. ಪೂರ್ತಿ ಸರಿಹೋಗುತ್ತದೆಂದು ಡಾಕ್ಟರೂ ಮಾತು ಕೊಟ್ಟಿಲ್ಲ. ಆದರೆ ಬಹಳ ದಿನ ನರ ಮುಟ್ಟದಿದ್ದರೆ ಸ್ನಾಯು ಸೊರಗಿಹೋಗುತ್ತದಂತೆ. ಇದೇ ತಿಂಗಳ ೨೩ಕ್ಕೆ ದಿನ ಕೊಟ್ಟಿದ್ದಾರೆ.

ಸುರೇಖಾಳನ್ನು ಕೇಳಿದೆನೆಂದು ಹೇಳಿ. ಸಿಟ್ಟಿನಲ್ಲಿ ಏನಾದರೂ ಹೆಚ್ಚು ಬರೆದಿದ್ದರೆ ಹೊಟ್ಟೆಗೆ ಹಾಕಿಕೊಂಡು ಮೊಮ್ಮಗನನ್ನು ಹರಸಿ.

ನಿಮ್ಮ ಸೊಸೆ,
ನೇತ್ರಾವತಿ

ತಾ.ಕ.: ಆ ದಿನ ಬದನೆಕಾಯಿ ಹೆಚ್ಚಿದ್ದು ನಾನಲ್ಲ, ನಿಮ್ಮ ಮಗ. ನನ್ನ ಕಾಲು ಬಾತಿದ್ದವು. ಗಂಡಸು ಈಳಿಗೆ ಹಿಡಿದರೆ ನೀವು ಬೈಯುತ್ತೀರೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಹೆಚ್ಚಿದರು. ನೀವು ಸಿಡುಕಿದಾಗ ನಾನೇ ಎಂದೆ. ಮೂರು ತಿಂಗಳಿಂದ ನಾನು ಬೈಸಿಕೊಳ್ಳುವಾಗ ಅವರು ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿರುತ್ತಾರೆ. ಇನ್ನು ಅವರನ್ನು ಎಷ್ಟಾದರೂ ಬೈಯಿರಿ, ಆದರೆ ಮೊದಲು ಸಹಿ ಹಾಕು ಎನ್ನಿ.