ಇಮೊಗಿರಿಯ ಮೆಟ್ಟಿಲು ಹತ್ತಿ ಬಂದ ಮೇಲೆ

ಯೋಗ್ಯಕರ್ತಾ
ಶುಕ್ರವಾರ, ಜುಲೈ 12, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಈ ಹೊತ್ತಿಗೆ ಮಲಾಂಗಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಎಡಗೈ ಒಪ್ಪಿಸಿ, ಕಿಟಕಿಯ ಕಡೆ ಮುಖ ಮಾಡಿ ಮಲಗಿರುತ್ತೀಯ. ಕಾಲಿನ ಊತ ಇಳಿದಿದೆಯೇ? ನೀರನ್ನು ಲೋಟದಲ್ಲಿ ಅಳೆದೇ ಕುಡಿಯುತ್ತಿದ್ದೀಯ ತಾನೆ? ಅಮ್ಮ ಆ ಕಡೆ ತಿರುಗಿದಾಗ ಫ್ರಿಜ್ಜಿನಿಂದ ಐಸ್ ಚೂರು ಕದ್ದು ಬಾಯಿಗೆ ಹಾಕಿಕೊಳ್ಳುವುದು ನನಗೆ ಗೊತ್ತು. ಅಮ್ಮನಿಗೂ ಗೊತ್ತು. ಅವಳ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯುತ್ತ ಬಂದಿರಬೇಕು, ನೆನಪಿಸು.

ದಿನಕ್ಕೆರಡು ಸಲ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸುತ್ತದೆ. ಫೋನಿನಲ್ಲಿ ಆ ಮಾತು ಎತ್ತಿದರೆ ನೀನು ಪಟ್ಟನೆ ಇಟ್ಟುಬಿಡುತ್ತೀಯ, ಅದಕ್ಕೆ. ನನ್ನ ಜೊತೆ ಬಂದ ಗೆಳತಿ ಎಂದಾಂಗಳ ರಜೆ ಮುಗಿಯಿತು, ನಾಳೆ ಬೆಳಗಿನ ರೈಲಿಗೆ ಹೊರಡುತ್ತಾಳೆ. ಇದನ್ನು ಅವಳ ಕೈಯಲ್ಲೇ ಕಳಿಸುತ್ತೇನೆ. ನೀನು ಕೊನೆಯ ಸಾಲು ಓದುವವರೆಗೆ ಎದುರಿನ ಕುರ್ಚಿ ಬಿಟ್ಟು ಏಳಕೂಡದು ಎಂದು ಹೇಳಿದ್ದೇನೆ. ಅವಳು ನಿನ್ನ ಹಾಗಲ್ಲ, ಹೇಳಿದ್ದು ಕೇಳುತ್ತಾಳೆ.

ನೀನು ಹಾಕಿದ ಷರತ್ತು ಒಂದಕ್ಷರವೂ ಮರೆತಿಲ್ಲ. "ಲಾಸ್ತ್ರಿ, ನಿನಗಿನ್ನೂ ಇಪ್ಪತ್ತೇಳು. ಬೆನ್ನಿಗೆ ಚೀಲ ಹಾಕ್ಕೊಂಡು ಊರೂರು ಸುತ್ತಬೇಕು ಅಂತ ಹೈಸ್ಕೂಲಿಂದ ಹೇಳ್ತಾ ಇದ್ದೀಯ. ಮೊದಲು ಒಂದು ವಾರ ಸುತ್ತಿ ಬಾ. ಆಮೇಲೆ ಈ ಕಿಡ್ನಿ ಕೊಡೋ ಮಾತು ನೀನಾಗೇ ಬಿಡ್ತೀಯ" ಎಂದೆ. ಸರಿ ಅಣ್ಣಾ, ಸುತ್ತಿದೆ. ಕಾಲಲ್ಲಿ ಮೂರು ಬೊಬ್ಬೆ ಎದ್ದಿವೆ. ಎಂದಾಂಗಳ ಚೀಲ ಯಾಕೆ ಅಷ್ಟು ಭಾರ ಎಂದು ಮೊದಲ ದಿನವೇ ಬಿಚ್ಚಿ ನೋಡಿದರೆ ಒಳಗೆ ಇಸ್ತ್ರಿಪೆಟ್ಟಿಗೆ. "ಸುಕ್ಕಾದ ಬಟ್ಟೇಲಿ ಫೋಟೋ ತೆಗೆಸ್ಕೋಬೇಕಾ?" ಎಂದು ನನ್ನನ್ನೇ ಗದರಿದಳು. ತಮನ್ ಸಾರಿಯ ಹಳೆಯ ಕೊಳಗಳನ್ನು ನೋಡಿ ಹೊರಗೆ ಬರುವ ದಾರಿ ತಪ್ಪಿ, ಓಣಿಯಿಂದ ಓಣಿಗೆ ಹೊರಳಿ ಯಾರದೋ ಅಡುಗೆಮನೆಗೇ ಹೊಕ್ಕೆವು. ಆ ಮನೆಯಾಕೆ ಬೈಯದೆ ಗುದೆಗ್ ಬಡಿಸಿದಳು. ಎಂದಾಂಗ್ ಒಂದು ತುತ್ತು ಬಾಯಿಗಿಟ್ಟು, "ಹಲಸಿನಕಾಯಿಗೆ ಇಷ್ಟೊಂದು ಬೆಲ್ಲ ಸುರಿದಿದ್ದೀರಲ್ಲ, ಮಲಾಂಗಿಗೆ ಬನ್ನಿ, ಖಾರ ಅಂದ್ರೇನು ತೋರಿಸ್ತೀನಿ" ಎಂದಳು. ಆಕೆ ನಕ್ಕು ಇನ್ನೊಂದು ಸೌಟು ಹಾಕಿದಳು. ಅರಮನೆಯ ಹಿಂದಿನ ಮೈದಾನದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡು ಆಲದ ಮರಗಳ ನಡುವೆ ನಡೆಯುವುದಿದೆಯಲ್ಲ, ಅದನ್ನೂ ಮಾಡಿದೆವು. ಅಂದುಕೊಂಡದ್ದು ನಡೆಯಬೇಕಾದರೆ ಮರಗಳ ನಡುವೆಯೇ ಹಾಯ್ದು ಹೋಗಬೇಕು. ಎಂದಾಂಗ್ ನೆಟ್ಟಗೆ ಹೋಗಿ ಮಾಂಸದುಂಡೆ ಮಾರುವವನ ಗಾಡಿಗೆ ಡಿಕ್ಕಿ ಹೊಡೆದಳು. ನಾನು ಎಡಕ್ಕೆ ವಾಲಿ ಮೈದಾನದಿಂದಲೇ ಆಚೆ ಹೋದೆ. ಎರಡನೆಯ ಸಲ ಪ್ರಯತ್ನಿಸಲು ಮನಸ್ಸಾಗಲಿಲ್ಲ.

ಈಗ ನಿನಗೆ ಹೇಳದೆ ಮುಚ್ಚಿಟ್ಟ ಒಂದು ಸಂಗತಿ. ನಾವು ಇಳಿದುಕೊಂಡ ಮನೆ ಅಗ್ಗಕ್ಕೆ ಸಿಕ್ಕಿತು ಎಂದು ಹೇಳಿದ್ದೆನಲ್ಲ, ಅದು ಸುಳ್ಳು. ನಿನ್ನ ವಾರ್ಡಿನ ನರ್ಸ್ ರತ್ಮಿಯಕ್ಕನೇ ಆ ವಿಳಾಸ ಕೊಟ್ಟದ್ದು. ಮನೆಯ ಯಜಮಾನಿ ತುಮಿರಾ ಅಮ್ಮ, ಐವತ್ತಾರು ವರ್ಷ. ಹನ್ನೊಂದು ವರ್ಷಗಳ ಹಿಂದೆ ತನ್ನ ತಮ್ಮನಿಗೆ ಕಿಡ್ನಿ ಕೊಟ್ಟವರು. ನೀನು ನನ್ನನ್ನು ಊರು ನೋಡಲು ಕಳಿಸಿದೆ, ನಾನು ಅವರನ್ನು ನೋಡಲು ಬಂದೆ. ಬಂದು ಮೂರು ದಿನವಾದರೂ ಬಾಯಿ ಬಿಡಲಾಗಲಿಲ್ಲ. ಅವರು ಬಾವಿಯಿಂದ ನೀರು ಸೇದುವುದನ್ನು, ಹಾಸಿಗೆ ಒದರುವುದನ್ನು ಕದ್ದು ನೋಡುತ್ತ ಕೂತಿದ್ದೆ. ನಿನ್ನೆ ಬೆಳಿಗ್ಗೆ ಅವರೇ ಚಪ್ಪಲಿ ಮೆಟ್ಟಿಕೊಂಡು, "ರತ್ಮಿ ಫೋನ್ ಮಾಡಿದ್ಲು. ಕದ್ದು ನೋಡಿದ್ದು ಸಾಕು, ಬಾ, ನನ್ನ ಜೊತೆ ಇಮೊಗಿರಿ ಹತ್ತು" ಎಂದರು.

ರಾಜರ ಸಮಾಧಿಗಳಿರುವ ಆ ಗುಡ್ಡಕ್ಕೆ ನಾನೂರಕ್ಕೂ ಹೆಚ್ಚು ಮೆಟ್ಟಿಲು. ಪ್ರತಿ ಗುರುವಾರ ಹತ್ತುತ್ತಾರಂತೆ. ಅರ್ಧಕ್ಕೆ ಎಂದಾಂಗ್ ಮೆಟ್ಟಿಲ ಮೇಲೆ ಕೂತು, "ನೀವು ಹೋಗಿ, ನನ್ನ ಸಮಾಧಿ ಇಲ್ಲೇ ಆಗ್ಲಿ" ಎಂದಳು. ನಾನು ಮೇಲಿನ ಬಾಗಿಲು ಮುಟ್ಟುವಷ್ಟರಲ್ಲಿ ತುಮಿರಾ ಅಮ್ಮ ಆಗಲೇ ಬಾಟಲಿಯ ನೀರು ಕುಡಿದು ಹೆಗಲ ಮೇಲಿನ ಬಟ್ಟೆಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ಏನನ್ನೂ ಮುಚ್ಚಿಡಲಿಲ್ಲ. ಮೂರು ತಿಂಗಳು ಪಕ್ಕಕ್ಕೆ ಹೊರಳಿದರೆ ಜೀವ ಹೋದಂತಾಗುತ್ತಿತ್ತಂತೆ. ಇವತ್ತಿಗೂ ಚಳಿಗಾಳಿಗೆ ಗಾಯದ ಗುರುತು ಕೆರೆಯುತ್ತದಂತೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಲೇಬೇಕು, ಕಂಡಕಂಡ ನೋವಿನ ಮಾತ್ರೆ ನುಂಗುವಂತಿಲ್ಲ.

ಇಳಿದು ಬರುವಾಗ ಹಳ್ಳಿಯ ಸ್ಮಶಾನಕ್ಕೆ ಕರೆದುಕೊಂಡು ಹೋದರು. ಒಂದು ಸಮಾಧಿಯ ಮೇಲೆ ಹೂವು ಉದುರಿಸಿ, ಉಳಿದ ನೀರು ಸುರಿದರು. ಅವರ ತಮ್ಮನದು, ಅಣ್ಣಾ. ಕೊಟ್ಟ ಕಿಡ್ನಿ ಒಂಬತ್ತು ವರ್ಷ ನಡೆಯಿತು, ಆಮೇಲೆ ನಿಂತಿತು. ರತ್ಮಿಯಕ್ಕ ಇದನ್ನು ನನಗೆ ಹೇಳಿರಲಿಲ್ಲ. ಹಾಗಾದರೆ ಕೊಟ್ಟದ್ದು ವ್ಯರ್ಥವಾಯಿತಲ್ಲ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಅವರಿಗೆ ಸಿಟ್ಟು ಬರಲಿಲ್ಲ. "ಒಂಬತ್ತು ವರ್ಷ ಅಂದ್ರೆ ಕಮ್ಮಿನಾ ಹುಡುಗಿ? ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡ್ದ. ಮೊಮ್ಮಗಳಿಗೆ ಸೈಕಲ್ ಕಲಿಸ್ದ. ನನ್ನ ಜೊತೆ ಜಗಳಾಡ್ಬೇಕಾದಷ್ಟು ಜಗಳಾಡ್ದ" ಎಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದರು: "ನೀನು ನಿಮ್ಮಣ್ಣನಿಗೋಸ್ಕರ ಕೊಡ್ತಾ ಇದ್ದೀಯೋ, ಅವನು ಹೋಗಿಬಿಟ್ರೆ ಅನ್ನೋ ಭಯಕ್ಕೆ ಕೊಡ್ತಾ ಇದ್ದೀಯೋ? ಭಯಕ್ಕಾದ್ರೆ ಬೇಡ. ಭಯ ಕೊಟ್ಟ ಮೇಲೂ ಹೋಗಲ್ಲ."

ಇಷ್ಟು ದಿನ ಭಯಕ್ಕೇ ಹಟ ಹಿಡಿದಿದ್ದೆ, ನಿಜ. ಅಪ್ಪ ತೀರಿಕೊಂಡ ವರ್ಷದ ಹಾಗೆ ಇನ್ನೊಂದು ವರ್ಷ ನನ್ನಿಂದಾಗದು ಎಂಬ ಭಯ. ಇವತ್ತು ಬೆಳಿಗ್ಗೆ ಒಬ್ಬಳೇ ಪೇಟೆಯಲ್ಲಿ ನಡೆಯುತ್ತಿದ್ದಾಗ, ಕುದುರೆಗಾಡಿಯವನೊಬ್ಬ ತನ್ನ ಕುದುರೆಗೆ ಬೈಯುತ್ತಿದ್ದ ಬೈಗುಳ ಕೇಳಿ ನಗು ತಡೆಯಲಾಗಲಿಲ್ಲ. ಇದನ್ನು ನೀನು ಕೇಳಬೇಕಿತ್ತು, ನಿನ್ನ ನಾಲ್ಕನೇ ಕ್ಲಾಸಿನ ಮಕ್ಕಳ ಮುಂದೆ ಅಭಿನಯಿಸಿ ತೋರಿಸುತ್ತಿದ್ದೆ ಅನ್ನಿಸಿತು. ನೀನು ಸಾಯಬಾರದು ಎಂದಲ್ಲ, ನೀನು ಇಲ್ಲಿಗೆ ಬರಬೇಕು ಎಂದು. ನೀನು ಮತ್ತೆ ಶಾಲೆಗೆ ಹೋಗಬೇಕು, ಒಂದು ದೊಡ್ಡ ಲೋಟ ತಣ್ಣನೆಯ ನೀರನ್ನು ಎಲ್ಲರೆದುರಿಗೆ ಕುಡಿಯಬೇಕು. ಅದು ಎಷ್ಟೇ ವರ್ಷ ನಡೆದರೂ ಸರಿ. ಇದನ್ನೇ ತುಮಿರಾ ಅಮ್ಮನಿಗೆ ಹೇಳಿದೆ. ಅವರು ನನ್ನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದರು.

ಇನ್ನೆರಡು ದಿನ ನಾನೊಬ್ಬಳೇ ಮೆರಾಪಿ ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ನಡೆದು, ಸೋಮವಾರ ಮನೆ ಸೇರುತ್ತೇನೆ. ಅಮ್ಮನ ಕೈಯನ್ನು ಹಣೆಗೊತ್ತಿಕೊಂಡೆ ಎಂದು ಹೇಳು. ಚೆನ್ನಾಗಿ ನಿದ್ದೆ ಮಾಡು.

ನಿನ್ನ ತಂಗಿ,
ಲಾಸ್ತ್ರಿ

ಮರೆತ ಮಾತು: ಹೋದ ತಿಂಗಳು ಬೇಕರಿಯಲ್ಲಿ ಹೆಚ್ಚಿನ ಕೆಲಸವಿದೆ ಎಂದು ಮೂರು ದಿನ ಹೋದೆನಲ್ಲ, ಹೋದದ್ದು ನಿನ್ನ ಆಸ್ಪತ್ರೆಗೇ, ತಪಾಸಣೆಗೆ. ಒಂದು ಗಂಟೆಯ ಹಿಂದೆ ಡಾಕ್ಟರು ಫೋನ್ ಮಾಡಿದರು. ನನ್ನ ಕಿಡ್ನಿ ನಿನಗೆ ಹೊಂದುತ್ತದಂತೆ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮಿಬ್ಬರನ್ನೂ ಕರೆದಿದ್ದಾರೆ, ನಿನ್ನ ಸಹಿಯೂ ಬೇಕಂತೆ. ಬೇಡ ಅನ್ನುವುದಿದ್ದರೆ ಅಲ್ಲಿಗೆ ಬಂದು, ನನ್ನ ಮುಖ ನೋಡಿಕೊಂಡು ಹೇಳು. ಬಿಳಿ ಅಂಗಿ ಒಗೆದಿಟ್ಟು ಬಂದಿದ್ದೇನೆ, ಅದನ್ನೇ ಹಾಕಿಕೋ.